ವಿದ್ಯಾರ್ಥಿಗಳ ಕಿರುಚಿತ್ರ: ಛಾಯಾಗ್ರಹಣವೂ ವರ್ಣಸಂಸ್ಕಾರವೂ

‘ಛಾಯಾ’ ಎಂಬ ಶಬ್ದಕ್ಕೆ ಅಮರಕೋಶವು ನಾಲ್ಕು ಅರ್ಥಗಳನ್ನು ಹೇಳುತ್ತದೆ: ಸೂರ್ಯನ ಪತ್ನಿ, ಕಾಂತಿ, ಪ್ರತಿಬಿಂಬ, ಬಿಸಿಲಿಲ್ಲದಿರುವಿಕೆ. ಇವುಗಳಲ್ಲಿ ಮೊದಲನೆಯದು ಪುರಾಣಕ್ಕೆ ಸೇರಿದುದು. ಉಳಿದ ಮೂರೂ ಛಾಯಾಗ್ರಹಣ ವಿದ್ಯೆಗೆ ಅಕ್ಷರಶಃ ಸಲ್ಲುತ್ತವೆ. ಕಾಂತಿಯನ್ನೂ ನೆರಳನ್ನೂ ಒಟ್ಟಿಗೆ ಹಿಡಿದು ಪ್ರತಿಬಿಂಬವನ್ನಾಗಿ ನಿಲ್ಲಿಸುವುದೇ ಈ ವಿದ್ಯೆಯ ಕೆಲಸ. ನೆರಳಿಲ್ಲದ ಬೆಳಕಿಗೆ ರೂಪವಿಲ್ಲ; ಬೆಳಕಿಲ್ಲದ ನೆರಳಿಗೆ ಅರ್ಥವಿಲ್ಲ. ಈ ಒಂದು ಮಾತನ್ನು ಮನಗಂಡ ವಿದ್ಯಾರ್ಥಿಯು ಯಂತ್ರವನ್ನು ಮುಟ್ಟುವ ಮೊದಲೇ ಈ ಕಲೆಯ ಹೊಸ್ತಿಲನ್ನು ದಾಟಿದನೆಂದೇ ತಿಳಿಯಬೇಕು.

ಒಂದು ಕಾಲಕ್ಕೆ ಚಲಚ್ಚಿತ್ರವೆಂಬುದು ಸಿರಿವಂತರ ವ್ಯವಹಾರವಾಗಿತ್ತು. ಮೂವತ್ತೈದು ಮಿಲಿಮೀಟರ್ ಅಗಲದ ಒಂದು ಸಾವಿರ ಅಡಿ ಫಿಲ್ಮ್ ಸುರುಳಿಯು ಹನ್ನೊಂದು ನಿಮಿಷಗಳಲ್ಲಿ ಮುಗಿದುಹೋಗುತ್ತಿತ್ತು. ಓಡಿದ ಪ್ರತಿಯೊಂದು ಅಡಿಗೂ ಹಣ, ಅದನ್ನು ತೊಳೆಯುವುದಕ್ಕೆ ಹಣ, ಮುದ್ರಿಸುವುದಕ್ಕೆ ಮತ್ತೆ ಹಣ. ಇಂದು ಆ ಕಷ್ಟವಿಲ್ಲ. ಮೊಬೈಲ್ ದೂರವಾಣಿಯೇ ಕ್ಯಾಮರಾ ಆಗಿರುವುದರಿಂದ ಪ್ರೌಢಶಾಲೆಯ ಮಕ್ಕಳೂ ವಾರ್ಷಿಕೋತ್ಸವಕ್ಕೆಂದು ಹತ್ತು ನಿಮಿಷದ ಚಿತ್ರವನ್ನು ತಯಾರಿಸುವ ಕಾಲ ಬಂದಿದೆ. ಇಂತಹ ಮಕ್ಕಳಿಗೆ ನೆರವಾಗಬಯಸುವ ಅಧ್ಯಾಪಕರ ಮುಂದೆಯೂ ದಾನಿಗಳ ಮುಂದೆಯೂ ಒಂದೇ ಪ್ರಶ್ನೆ ಏಳುತ್ತದೆ: ಇರುವ ಸ್ವಲ್ಪ ಹಣವನ್ನು ಯಾವುದಕ್ಕೆ ವೆಚ್ಚ ಮಾಡಬೇಕು? ಬೆಲೆಯುಳ್ಳ ಕ್ಯಾಮರಾಕ್ಕೋ, ದೀಪಗಳಿಗೋ, ಚಿತ್ರ ಮುಗಿದ ಮೇಲೆ ಬಣ್ಣವನ್ನು ತಿದ್ದುವ ಕಂಪ್ಯೂಟರಿಗೋ? ಈ ಪ್ರಶ್ನೆಗೆ ಉತ್ತರವನ್ನು ಕಂಡುಕೊಳ್ಳಬೇಕಾದರೆ ಬೆಳಕು ಚಿತ್ರವಾಗುವ ಬಗೆಯನ್ನೂ, ತೆಗೆದ ಚಿತ್ರವು ವರ್ಣಸಂಸ್ಕಾರವನ್ನು ಪಡೆಯುವ ಬಗೆಯನ್ನೂ ಸ್ವಲ್ಪ ವಿವರವಾಗಿ ನೋಡಬೇಕಾಗುತ್ತದೆ.

ಒಂದು ನಿದರ್ಶನ

ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗೇ ಆಗದೆಂದು ನಂಬಿದ್ದ ಮುದುಕಿಯ ಕತೆ ಕನ್ನಡಿಗರಿಗೆ ಹೊಸದಲ್ಲ. ಕರ್ನಾಟಕದ ಈ ಬಗೆಯ ಜನಪದ ಕಥೆಯನ್ನೇ ಆಧಾರವಾಗಿಟ್ಟುಕೊಂಡು ಪುಣೆಯ ಭಾರತೀಯ ಫಿಲ್ಮ್ ಮತ್ತು ಟೆಲಿವಿಷನ್ ಸಂಸ್ಥೆಯ ವಿದ್ಯಾರ್ಥಿಗಳು ‘ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ’ ಎಂಬ ಹೆಸರಿನ ಕನ್ನಡ ಕಿರುಚಿತ್ರವೊಂದನ್ನು ನಿರ್ಮಿಸಿದರು. ಮುದುಕಿಯೊಬ್ಬಳು ಊರಿನ ಹುಂಜವನ್ನು ಕದ್ದೊಯ್ಯುತ್ತಾಳೆ. ಊರಿಗೆ ಊರೇ ಕತ್ತಲಲ್ಲಿ ಮುಳುಗುತ್ತದೆ. ಹದಿನಾರು ನಿಮಿಷದ ಈ ಚಿತ್ರವು ೨೦೨೪ರಲ್ಲಿ ಫ್ರಾನ್ಸ್ ದೇಶದ ಕಾನ್ ಚಿತ್ರೋತ್ಸವದಲ್ಲಿ, ಚಲಚ್ಚಿತ್ರ ಶಾಲೆಗಳ ವಿದ್ಯಾರ್ಥಿಗಳಿಗೆಂದೇ ಮೀಸಲಾದ ‘ಲಾ ಸಿನೆಫ್’ ವಿಭಾಗದಲ್ಲಿ ಪ್ರಥಮ ಬಹುಮಾನವನ್ನು ಗಳಿಸಿತು.

ನಿರ್ದೇಶಕರು ಮೈಸೂರಿನವರಾದ ಚಿದಾನಂದ ಎಸ್. ನಾಯ್ಕ್, ವೈದ್ಯಶಾಸ್ತ್ರವನ್ನು ಓದಿ ಬಳಿಕ ಚಿತ್ರವಿದ್ಯೆಗೆ ಬಂದವರು. ಛಾಯಾಗ್ರಹಣ ಸೂರಜ್ ಠಾಕೂರ್ ಅವರದು, ಸಂಕಲನ ಮನೋಜ್ ವಿ. ಅವರದು, ಶಬ್ದಗ್ರಹಣ ಅಭಿಷೇಕ್ ಕದಂ ಅವರದು. ಇದು ಆ ಸಂಸ್ಥೆಯ ಒಂದು ವರ್ಷದ ಟೆಲಿವಿಷನ್ ಶಿಕ್ಷಣಕ್ರಮದ ಕೊನೆಯಲ್ಲಿ, ನಾಲ್ಕು ವಿಭಾಗಗಳ ನಾಲ್ವರು ವಿದ್ಯಾರ್ಥಿಗಳು ಕೂಡಿ ಮಾಡಬೇಕಾದ ಒಂದು ಅಭ್ಯಾಸಕಾರ್ಯ. ಚಿತ್ರೀಕರಣಕ್ಕೆ ಅವರಿಗೆ ದೊರೆತದ್ದು ನಾಲ್ಕೇ ದಿನಗಳು.

ಈ ಕತೆಯನ್ನು ಛಾಯಾಗ್ರಾಹಕನ ಕಡೆಯಿಂದ ಒಮ್ಮೆ ನೋಡಬೇಕು. ಸೂರ್ಯನೇ ಹುಟ್ಟದ ಊರನ್ನು ಪ್ರೇಕ್ಷಕನಿಗೆ ತೋರಿಸಬೇಕು. ತೆರೆಯು ಬರಿದೆ ಕಪ್ಪಾಗಿದ್ದರೆ ಏನೂ ಕಾಣದು. ಬೆಳಕು ಹೆಚ್ಚಾದರೆ ಕತೆಯೇ ಸುಳ್ಳಾಗುತ್ತದೆ. ಕತ್ತಲೆಯನ್ನು ಕಾಣುವಂತೆ ಮಾಡಬೇಕು, ಆದರೂ ಅದು ಕತ್ತಲೆಯಾಗಿಯೇ ಉಳಿಯಬೇಕು. ಇಂತಹ ಕಠಿಣವಾದ ಕಾರ್ಯವನ್ನು ವಿದ್ಯಾರ್ಥಿಗಳ ಪರಿಮಿತ ಸಾಧನಗಳಿಂದ ನಾಲ್ಕು ದಿನಗಳಲ್ಲಿ ಸಾಧಿಸುವುದಕ್ಕೆ ಕೇವಲ ಯಂತ್ರಬಲ ಸಾಲದು. ಎಲ್ಲಿ ಬೆಳಕಿರಬೇಕು ಎಂಬುದಕ್ಕಿಂತಲೂ ಎಲ್ಲಿ ಇರಬಾರದು ಎಂಬ ನಿಶ್ಚಯ ಮೊದಲೇ ಆಗಿರಬೇಕು.

ಕ್ಯಾಮರಾದ ಮೂರು ಬಾಗಿಲುಗಳು

ಕ್ಯಾಮರಾದೊಳಕ್ಕೆ ಎಷ್ಟು ಬೆಳಕು ಹೋಗಬೇಕೆಂಬುದನ್ನು ಮೂರು ಅಂಶಗಳು ನಿರ್ಧರಿಸುತ್ತವೆ. ಮೊದಲನೆಯದು ಮಸೂರದ ರಂಧ್ರ. ಇದನ್ನು ಎಫ್ ೨, ೨.೮, ೪, ೫.೬ ಎಂಬ ಅಂಕೆಗಳಿಂದ ಗುರುತಿಸುತ್ತಾರೆ. ಒಂದು ಅಂಕೆಯಿಂದ ಮುಂದಿನದಕ್ಕೆ ಹೋದಾಗ ಬೆಳಕು ಅರ್ಧಕ್ಕಿಳಿಯುತ್ತದೆ. ರಂಧ್ರ ದೊಡ್ಡದಾದಷ್ಟೂ ಬೆಳಕು ಹೆಚ್ಚು. ಆದರೆ ಸ್ಫುಟವಾಗಿ ಕಾಣುವ ಆಳ ಕಡಮೆ. ಎರಡನೆಯದು ಕಾಲ. ಸೆಕೆಂಡಿಗೆ ೨೪ ಅಥವಾ ೨೫ ಚೌಕಟ್ಟುಗಳು ಓಡುವಾಗ ಪ್ರತಿಯೊಂದು ಚೌಕಟ್ಟಿಗೂ ಸೆಕೆಂಡಿನ ಸುಮಾರು ಐವತ್ತನೆಯ ಒಂದು ಭಾಗದಷ್ಟು ಕಾಲ ಬೆಳಕು ತಗಲಿದರೆ ಚಲನೆಯು ಕಣ್ಣಿಗೆ ಸಹಜವಾಗಿ ತೋರುತ್ತದೆ. ಮೂರನೆಯದು ಗ್ರಹಣಶಕ್ತಿ. ಇದನ್ನು ಏರಿಸಿದರೆ ಮಂದ ಬೆಳಕಿನಲ್ಲಿಯೂ ಚಿತ್ರ ಮೂಡುತ್ತದೆ. ಆದರೆ ರಾಗಿಯ ಕಾಳುಗಳನ್ನು ಚೆಲ್ಲಿದಂತೆ ನೆರಳಿನ ಭಾಗವೆಲ್ಲ ಚುಕ್ಕೆಗಳಿಂದ ತುಂಬುತ್ತದೆ.

ಎರಡನೆಯ ಅಂಶದಲ್ಲಿ ನಮ್ಮ ದೇಶದವರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ನಮ್ಮಲ್ಲಿ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತಗಳಂತೆ ಹರಿಯುತ್ತದೆ. ಆದುದರಿಂದ ಅನೇಕ ವಿದ್ಯುದ್ದೀಪಗಳ ಹೊಳಪು ಸೆಕೆಂಡಿಗೆ ೧೦೦ ಬಾರಿ ಏರಿ ಇಳಿಯುತ್ತದೆ. ಕಣ್ಣಿಗೆ ಇದು ಕಾಣದು, ಕ್ಯಾಮರಾಕ್ಕೆ ಕಾಣುತ್ತದೆ. ಐವತ್ತನೆಯ ಒಂದು ಭಾಗದ ಕಾಲದಲ್ಲಿ ಸರಿಯಾಗಿ ಎರಡು ಏರಿಳಿತಗಳು ಅಡಕವಾಗುವುದರಿಂದ ಚಿತ್ರ ಸ್ಥಿರವಾಗಿರುತ್ತದೆ. ಅಮೆರಿಕದಲ್ಲಿ ವಿದ್ಯುತ್ತಿಗೆ ೬೦ ಆವರ್ತಗಳು. ಅಲ್ಲಿಗೆ ಹೊಂದುವಂತೆ ಅರವತ್ತನೆಯ ಒಂದು ಭಾಗಕ್ಕೆ ಅಣಿಮಾಡಿದ ಕ್ಯಾಮರಾದಿಂದ ಇಲ್ಲಿಯ ದೀಪದಡಿ ಚಿತ್ರ ತೆಗೆದರೆ ಪಟ್ಟೆಪಟ್ಟೆಯಾದ ಮಿನುಗು ಕಾಣಿಸಿಕೊಳ್ಳುವುದುಂಟು. ಈ ದೋಷವನ್ನು ಆಮೇಲೆ ತೆಗೆಯುವುದು ಬಹು ಪ್ರಯಾಸದ ಕೆಲಸ. ಮೊದಲೇ ತಪ್ಪಿಸುವುದಕ್ಕೆ ಒಂದು ಕಾಸಿನ ವೆಚ್ಚವೂ ಇಲ್ಲ.

ಬೆಳಕಿಗೂ ಬಣ್ಣವುಂಟು. ಇದನ್ನು ಕೆಲ್ವಿನ್ ಎಂಬ ಮಾನದಿಂದ ಅಳೆಯುತ್ತಾರೆ. ಮೇಣದ ಬತ್ತಿಯ ಬೆಳಕು ಸುಮಾರು ೧೯೦೦ ಕೆಲ್ವಿನ್. ಚಿತ್ರಶಾಲೆಗಳಲ್ಲಿ ಬಳಸುವ ಟಂಗ್‌ಸ್ಟನ್ ದೀಪದ್ದು ೩೨೦೦. ಹಗಲಿನ ಬೆಳಕು ಸುಮಾರು ೫೬೦೦. ಅಂಕೆ ಕಡಮೆಯಾದಷ್ಟೂ ಕೆಂಪು, ಹೆಚ್ಚಾದಷ್ಟೂ ನೀಲಿ. ಮನುಷ್ಯನ ಕಣ್ಣು ಈ ವ್ಯತ್ಯಾಸವನ್ನು ತಾನಾಗಿಯೇ ಸರಿದೂಗಿಸಿಕೊಂಡು ಬಿಳಿಯ ಪಂಚೆಯನ್ನು ಎಲ್ಲೆಡೆಯೂ ಬಿಳಿದಾಗಿಯೇ ಕಾಣುತ್ತದೆ. ಕ್ಯಾಮರಾಕ್ಕೆ ಮಾತ್ರ ಯಾವುದು ಬಿಳಿ ಎಂಬುದನ್ನು ಹೇಳಿಕೊಡಬೇಕು. ಮೊಬೈಲ್ ಕ್ಯಾಮರಾವು ಇದನ್ನು ಸ್ವಯಂ ನಿರ್ಧರಿಸಲು ಹೋಗಿ ಒಂದೇ ದೃಶ್ಯದ ಮಧ್ಯದಲ್ಲಿ ಬಣ್ಣವನ್ನು ಬದಲಿಸಿಬಿಡುತ್ತದೆ. ಆದುದರಿಂದ ಬಿಳುಪಿನ ಸಮತೋಲವನ್ನೂ ಬೆಳಕಿನ ಪ್ರಮಾಣವನ್ನೂ ದೃಶ್ಯದ ಆರಂಭದಲ್ಲಿಯೇ ನಿಶ್ಚಯಿಸಿ ಬೀಗ ಹಾಕಿಬಿಡಬೇಕು. ಕಿಟಕಿಯಿಂದ ಹಗಲಿನ ಬೆಳಕು, ಚಾವಣಿಯಿಂದ ವಿದ್ಯುದ್ದೀಪದ ಬೆಳಕು ಎರಡೂ ಒಂದೇ ಮುಖದ ಮೇಲೆ ಬಿದ್ದರೆ ಒಂದು ಕೆನ್ನೆ ನೀಲಿ, ಮತ್ತೊಂದು ಹಳದಿ. ಇದಕ್ಕೆ ಉಪಾಯ ದೀಪವನ್ನು ಆರಿಸುವುದು. ಅಗ್ಗದ ಚಿತ್ರಕ್ಕೆ ದೀಪವನ್ನು ಹೊತ್ತಿಸುವ ಜ್ಞಾನದಷ್ಟೇ ದೀಪವನ್ನು ಆರಿಸುವ ಜ್ಞಾನವೂ ಮುಖ್ಯ.

ಬೆಳಕಿನ ಮಿತವ್ಯಯ

ಬಡತನವು ಕಲೆಗೆ ಅಡ್ಡಿಯೆಂಬುದು ಸಾಮಾನ್ಯವಾದ ನಂಬಿಕೆ. ಭಾರತೀಯ ಛಾಯಾಗ್ರಹಣದ ಚರಿತ್ರೆಯು ಈ ನಂಬಿಕೆಯನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ ೧೯೫೫ರಲ್ಲಿ ತೆರೆಕಂಡಿತು. ಅದರ ಛಾಯಾಗ್ರಾಹಕ ಸುಬ್ರತ ಮಿತ್ರ ಆ ಕೆಲಸವನ್ನು ಕೈಗೊಂಡಾಗ ಇಪ್ಪತ್ತರ ಹರಯದ ತರುಣ; ಅದಕ್ಕೆ ಮೊದಲು ಚಲಚ್ಚಿತ್ರದ ಕ್ಯಾಮರಾವನ್ನು ನಡೆಸಿದವರೇ ಅಲ್ಲ. ಮರುವರ್ಷ ಬಂದ ‘ಅಪರಾಜಿತೋ’ ಚಿತ್ರದಲ್ಲಿ ಕಾಶಿಯ ಮನೆಯ ಅಂಗಳವನ್ನು ಕಲ್ಕತ್ತೆಯ ಚಿತ್ರಶಾಲೆಯೊಳಗೆ ನಿರ್ಮಿಸಬೇಕಾಯಿತು. ತೆರೆದ ಅಂಗಳಕ್ಕೆ ಆಕಾಶದಿಂದ ಇಳಿಯುವ ಬೆಳಕಿಗೆ ತೀಕ್ಷ್ಣವಾದ ನೆರಳಿಲ್ಲ. ಚಿತ್ರಶಾಲೆಯ ದೀಪಗಳಿಗಾದರೋ ನೆರಳುಂಟು. ಮಿತ್ರ ಅವರು ಅಂಗಳದ ಮೇಲೆ ಬಿಳಿಯ ಬಟ್ಟೆಯನ್ನು ಚಪ್ಪರದಂತೆ ಬಿಗಿದು, ದೀಪಗಳನ್ನು ಕೆಳಗಿನಿಂದ ಅದಕ್ಕೆ ಹಾಯಿಸಿ, ಅಲ್ಲಿಂದ ಮರಳಿ ಬಿದ್ದ ಮೃದುವಾದ ಬೆಳಕಿನಲ್ಲಿ ಚಿತ್ರ ತೆಗೆದರು. ಒಂದು ಬಟ್ಟೆಯ ಹಾಸು ಆಕಾಶವಾಯಿತು.

ಕನ್ನಡ ನಾಡಿಗೆ ಇನ್ನೂ ಸಮೀಪದ ನಿದರ್ಶನ ವಿ. ಕೆ. ಮೂರ್ತಿ ಅವರದು. ಮೈಸೂರಿನಲ್ಲಿ ೧೯೨೩ರಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣವನ್ನು ಅಭ್ಯಾಸ ಮಾಡಿ ಮುಂಬಯಿಗೆ ಹೋದವರು ಅವರು. ಗುರುದತ್ ಅವರ ‘ಕಾಗಜ್ ಕೆ ಫೂಲ್’ ಚಿತ್ರಕ್ಕಾಗಿ ೧೯೫೯ರಲ್ಲಿ ಅವರು ಸೃಷ್ಟಿಸಿದ ಬೆಳಕಿನ ಕಂಬ ಲೋಕಪ್ರಸಿದ್ಧ. ವಿಶಾಲವಾದ ಕತ್ತಲೆಯ ಚಿತ್ರಶಾಲೆಯೊಳಕ್ಕೆ ಮೇಲಿನಿಂದ ಓರೆಯಾಗಿ ಇಳಿದ ಆ ಒಂದೇ ಕಿರಣದ ಆಚೆಗೆ ನಾಯಕ, ಈಚೆಗೆ ನಾಯಿಕೆ. ಅದಕ್ಕೆ ಅವರು ದೊಡ್ಡ ದೀಪವನ್ನು ತರಿಸಲಿಲ್ಲ; ದೊಡ್ಡ ಕನ್ನಡಿಗಳನ್ನು ತರಿಸಿ ಹೊರಗಿನ ಬಿಸಿಲನ್ನೇ ಒಳಕ್ಕೆ ತಿರುಗಿಸಿದರು. ದೇಶದ ಅತ್ಯುನ್ನತ ಚಲಚ್ಚಿತ್ರ ಗೌರವವಾದ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯು ೨೦೦೮ನೆಯ ಸಾಲಿಗೆ ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು.

ಬಟ್ಟೆ, ಕನ್ನಡಿ ಇವೆರಡೂ ಯಾವ ಶಾಲೆಗೂ ನಿಲುಕದ ವಸ್ತುಗಳಲ್ಲ. ಬಿಳಿಯ ಪಂಚೆಯೊಂದು ಬೆಳಕನ್ನು ಮರಳಿಸುತ್ತದೆ. ಥರ್ಮಾಕೋಲ್ ಹಲಗೆಯೂ ಅದೇ ಕೆಲಸವನ್ನು ಮಾಡುತ್ತದೆ. ಕರಿಯ ಕಂಬಳಿಯು ಬೇಡವಾದ ಬೆಳಕನ್ನು ನುಂಗಿ ಮುಖದ ಒಂದು ಪಾರ್ಶ್ವಕ್ಕೆ ನೆರಳನ್ನು ಕೊಡುತ್ತದೆ. ಬೆಣ್ಣೆಕಾಗದವನ್ನು ಕಿಟಕಿಗೆ ಅಂಟಿಸಿದರೆ ಸುಡುಬಿಸಿಲು ಹದವಾಗುತ್ತದೆ. ಇವುಗಳ ಜೊತೆಗೆ ಒಂದು ನಿಯಮವನ್ನು ತಿಳಿದಿರಬೇಕು. ಸಣ್ಣ ದೀಪವೊಂದರ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ಮೂರು ಅಡಿಯ ದೂರದಲ್ಲಿದ್ದ ದೀಪವನ್ನು ಆರು ಅಡಿಗೆ ಸರಿಸಿದರೆ ಮುಖದ ಮೇಲಿನ ಬೆಳಕು ಅರ್ಧವಾಗುವುದಿಲ್ಲ, ಕಾಲುಭಾಗವಾಗುತ್ತದೆ. ಇದನ್ನು ಅರಿತವನು ಎರಡನೆಯ ದೀಪವನ್ನು ಬಾಡಿಗೆಗೆ ತರುವ ಬದಲು ಇರುವ ದೀಪವನ್ನೇ ಒಂದು ಹೆಜ್ಜೆ ಹತ್ತಿರ ತರುತ್ತಾನೆ. ಹಿಂದಿನ ಗೋಡೆಯು ಕತ್ತಲಾಗಬೇಕಾದರೆ ದೀಪವನ್ನು ನಟನ ಹತ್ತಿರಕ್ಕೂ ನಟನನ್ನು ಗೋಡೆಯಿಂದ ದೂರಕ್ಕೂ ಒಯ್ಯುತ್ತಾನೆ. ಭೌತವಿಜ್ಞಾನದ ಪಾಠವು ಹೀಗೆ ಕಲೆಯ ಪಾಠವಾಗುವುದನ್ನು ವಿಜ್ಞಾನದ ಅಧ್ಯಾಪಕರು ಮೆಚ್ಚದಿರಲಾರರು.

ಇರುಳಿನ ದೃಶ್ಯಕ್ಕೆ ಮತ್ತೊಂದು ಯುಕ್ತಿಯುಂಟು. ನಮ್ಮ ಸೀಮೆಯಲ್ಲಿ ಸೂರ್ಯ ಮುಳುಗಿದ ಬಳಿಕ ಸುಮಾರು ಇಪ್ಪತ್ತು ನಿಮಿಷಗಳ ಕಾಲ ಆಕಾಶದಲ್ಲಿ ನೀಲಿಯ ಬೆಳಕು ಉಳಿದಿರುತ್ತದೆ. ಆ ಹೊತ್ತಿನಲ್ಲಿ ಮನೆಯೊಳಗೆ ಲಾಂದ್ರವನ್ನು ಹೊತ್ತಿಸಿ ಹೊರಗಿನಿಂದ ತೆಗೆದ ಚಿತ್ರವು ತೆರೆಯ ಮೇಲೆ ನಡುರಾತ್ರಿಯಂತೆ ಕಾಣುತ್ತದೆ; ಮರದ ಆಕಾರ, ಮನೆಯ ಮಾಡು ಎಲ್ಲವೂ ಸ್ಪಷ್ಟವಾಗಿರುತ್ತವೆ. ಪೂರ್ಣವಾಗಿ ಕತ್ತಲಾದ ಮೇಲೆ ನೆಲಕ್ಕೆ ನೀರು ಚಿಮುಕಿಸಿದರೆ ಇದ್ದ ಒಂದು ದೀಪವೇ ನೆಲದಲ್ಲಿ ಹೊಳೆದು ಎರಡರಷ್ಟಾಗುತ್ತದೆ. ದೀಪವನ್ನು ನಟನ ಮುಂದೆ ಇಡದೆ ಹಿಂದೆ ಇಟ್ಟರೆ ಅವನ ತಲೆ, ಹೆಗಲುಗಳ ಅಂಚು ಬೆಳಗಿ ಕತ್ತಲೆಯಿಂದ ಅವನ ಆಕೃತಿ ಬೇರ್ಪಡುತ್ತದೆ. ಸಂಜೆಯ ಆ ಇಪ್ಪತ್ತು ನಿಮಿಷಗಳನ್ನು ಹಣದಿಂದ ಹಿಗ್ಗಿಸಲಾಗುವುದಿಲ್ಲ. ಮಾತುಗಳನ್ನು ಮೊದಲೇ ಅಭ್ಯಾಸ ಮಾಡಿಸಿ, ಕ್ಯಾಮರಾದ ಸ್ಥಾನವನ್ನು ಹಗಲಿನಲ್ಲಿಯೇ ಗುರುತಿಸಿಟ್ಟವರಿಗೆ ಮಾತ್ರ ಅವು ದಕ್ಕುತ್ತವೆ.

ಮೂರು ಸಂಸ್ಕಾರಗಳು

ಚಿತ್ರೀಕರಣ ಮುಗಿದು ಸಂಕಲನವಾದ ಬಳಿಕ ನಡೆಯುವ ಕ್ರಿಯೆಗೆ ಕಲರ್ ಗ್ರೇಡಿಂಗ್ ಎಂದು ಹೆಸರು. ಕನ್ನಡದಲ್ಲಿ ಇದನ್ನು ವರ್ಣಸಂಸ್ಕಾರವೆನ್ನುವುದು ಉಚಿತ. ಫಿಲ್ಮಿನ ಕಾಲದಲ್ಲಿ ಇದು ಪ್ರಯೋಗಶಾಲೆಯಲ್ಲಿ ನಡೆಯುತ್ತಿತ್ತು. ಮೂಲಪ್ರತಿಯಿಂದ ಪ್ರದರ್ಶನದ ಪ್ರತಿಯನ್ನು ಮುದ್ರಿಸುವಾಗ ಕೆಂಪು, ಹಸಿರು, ನೀಲಿ ಎಂಬ ಮೂರು ದೀಪಗಳನ್ನು ತಲಾ ೫೦ ಮೆಟ್ಟಿಲುಗಳಲ್ಲಿ ಏರಿಸಿ ಇಳಿಸಿ ಬಣ್ಣವನ್ನು ಹೊಂದಿಸುತ್ತಿದ್ದರು. ಹೀಗೆ ಇಡೀ ಚೌಕಟ್ಟನ್ನು ಬದಲಿಸಬಹುದಾಗಿತ್ತೇ ಹೊರತು ಅದರ ಒಂದು ಮೂಲೆಯನ್ನಲ್ಲ. ೨೦೦೦ದಲ್ಲಿ ಬಂದ ‘ಓ ಬ್ರದರ್, ವೇರ್ ಆರ್ಟ್ ದೌ?’ ಎಂಬ ಅಮೆರಿಕದ ಚಿತ್ರವನ್ನು ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಅವರು ಆದ್ಯಂತವಾಗಿ ಕಂಪ್ಯೂಟರಿನಲ್ಲಿ ಸಂಸ್ಕರಿಸಿದರು. ಮಿಸಿಸಿಪ್ಪಿಯ ಹಚ್ಚಹಸಿರಿನ ಬೇಸಗೆಯು ಅದರಲ್ಲಿ ಒಣಗಿದ ಹೊಂಬಣ್ಣದ ನಾಡಾಗಿ ಮಾರ್ಪಟ್ಟಿತು. ಅಂದು ಕೋಟ್ಯಧೀಶರ ಚಿತ್ರಗಳಿಗೆ ಮಾತ್ರ ಸಾಧ್ಯವಾಗಿದ್ದ ಆ ಉಪಕರಣ ಇಂದು ‘ಡಾವಿಂಚಿ ರಿಸಾಲ್ವ್’ನಂತಹ ತಂತ್ರಾಂಶದ ರೂಪದಲ್ಲಿ, ಬೆಲೆಯಿಲ್ಲದ ಆವೃತ್ತಿಯಲ್ಲಿಯೂ ದೊರೆಯುತ್ತದೆ.

ಶಾಸ್ತ್ರಕಾರರು ಸಂಸ್ಕಾರದಲ್ಲಿ ಮೂರು ಅಂಗಗಳನ್ನು ಹೇಳುವುದುಂಟು: ದೋಷಮಾರ್ಜನ, ಅತಿಶಯಾಧಾನ, ಹೀನಾಂಗಪೂರ್ತಿ. ಗಣಿಯಿಂದ ತೆಗೆದ ಲೋಹದ ಕಲ್ಮಷವನ್ನು ಕಳೆಯುವುದು ಮೊದಲನೆಯದು. ಅದಕ್ಕೆ ಮೆರುಗು ಕೊಡುವುದು ಎರಡನೆಯದು. ಇಲ್ಲದ ಭಾಗವನ್ನು ಸೇರಿಸಿ ಪೂರ್ಣಗೊಳಿಸುವುದು ಮೂರನೆಯದು. ವರ್ಣಸಂಸ್ಕಾರಕ್ಕೆ ಈ ವಿಭಾಗವು ಚೆನ್ನಾಗಿ ಒಪ್ಪುತ್ತದೆ.

ದೋಷಮಾರ್ಜನವೆಂದರೆ ತಿದ್ದುಪಡಿ. ಬೆಳಗ್ಗೆ ತೆಗೆದ ದೃಶ್ಯವೂ ಮಧ್ಯಾಹ್ನ ತೆಗೆದ ದೃಶ್ಯವೂ ಕತೆಯಲ್ಲಿ ಒಂದೇ ಕ್ಷಣಕ್ಕೆ ಸೇರಿದವಾದರೆ ಅವೆರಡರ ಬೆಳಕನ್ನೂ ಬಣ್ಣವನ್ನೂ ಸಮನಾಗಿಸಬೇಕು. ಇದಕ್ಕೆ ಕಣ್ಣನ್ನು ಮಾತ್ರ ನಂಬಬಾರದು. ಚಿತ್ರದ ಹೊಳಪನ್ನು ಅಲೆಯಂತೆ ತೋರಿಸುವ ವೇವ್‌ಫಾರ್ಮ್, ಬಣ್ಣದ ದಿಕ್ಕನ್ನೂ ತೀವ್ರತೆಯನ್ನೂ ವೃತ್ತದಲ್ಲಿ ತೋರಿಸುವ ವೆಕ್ಟರ್‌ಸ್ಕೋಪ್ ಎಂಬ ಎರಡು ಮಾಪಕಗಳು ತಂತ್ರಾಂಶದಲ್ಲಿಯೇ ಇರುತ್ತವೆ. ಕೆಲಸ ಮಾಡುವ ಕೊಠಡಿಯು ಮಂದ ಬೆಳಕಿನದಾಗಿರಬೇಕು. ಪ್ರಖರ ಬೆಳಕಿನ ಕೊಠಡಿಯಲ್ಲಿ ಕುಳಿತು ಹೊಂದಿಸಿದ ಚಿತ್ರವು ಕತ್ತಲೆಯ ಸಭಾಂಗಣದಲ್ಲಿ ಬೇರೆಯಾಗಿ ಕಾಣುತ್ತದೆ.

ಅತಿಶಯಾಧಾನವೆಂದರೆ ಕತೆಯ ಭಾವಕ್ಕೆ ತಕ್ಕ ಒಂದು ವರ್ಣಚ್ಛಾಯೆಯನ್ನು ಕೊಡುವುದು. ಇದು ನಮ್ಮವರಿಗೆ ಹೊಸ ವಿಚಾರವಲ್ಲ. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಶೃಂಗಾರಕ್ಕೆ ಶ್ಯಾಮ, ಹಾಸ್ಯಕ್ಕೆ ಬಿಳುಪು, ಕರುಣಕ್ಕೆ ಪಾರಿವಾಳದ ಬೂದುಬಣ್ಣ, ರೌದ್ರಕ್ಕೆ ಕೆಂಪು, ವೀರಕ್ಕೆ ಗೌರ, ಭಯಾನಕಕ್ಕೆ ಕಪ್ಪು, ಬೀಭತ್ಸಕ್ಕೆ ನೀಲಿ, ಅದ್ಭುತಕ್ಕೆ ಹಳದಿ ಎಂದು ಒಂದೊಂದು ರಸಕ್ಕೂ ಒಂದೊಂದು ಬಣ್ಣವನ್ನು ವಿಧಿಸಿದ್ದಾನೆ. ಆದರೆ ರಸವು ಬಣ್ಣದಿಂದ ಹುಟ್ಟುತ್ತದೆಂದು ಅವನು ಹೇಳಲಿಲ್ಲ. ವಿಭಾವಾನುಭಾವಗಳಿಂದ ಹುಟ್ಟಿದ ರಸಕ್ಕೆ ಬಣ್ಣವು ಲಕ್ಷಣ ಮಾತ್ರ. ಕತೆಯಲ್ಲಿ ಇಲ್ಲದ ದುಃಖವನ್ನು ನೀಲಿಯ ಲೇಪದಿಂದ ತರಲು ಹೊರಟವನು ಔಚಿತ್ಯವನ್ನು ಮರೆತವನು. ಅಲಂಕಾರವು ಅತಿಯಾದ ಕಾವ್ಯಕ್ಕೆ ಏನಾಗುತ್ತದೆಯೋ ಬಣ್ಣವು ಅತಿಯಾದ ಚಿತ್ರಕ್ಕೂ ಅದೇ ಗತಿ.

ಇನ್ನು ಹೀನಾಂಗಪೂರ್ತಿ. ಇಲ್ಲಿ ವರ್ಣಸಂಸ್ಕಾರವು ಬಹುಮಟ್ಟಿಗೆ ಸೋಲುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಬಿಳಿಯ ಪಂಚೆಯ ಮೇಲೆ ಬೆಳಕು ಮಿತಿಮೀರಿ ಅದರ ಮಡಿಕೆಗಳೆಲ್ಲ ಅಳಿಸಿಹೋದರೆ ಆ ಮಡಿಕೆಗಳನ್ನು ಮರಳಿ ತರುವ ಗುಂಡಿ ಯಾವ ತಂತ್ರಾಂಶದಲ್ಲಿಯೂ ಇಲ್ಲ. ಅಲ್ಲಿ ದಾಖಲಾದದ್ದು ಶೂನ್ಯ. ನೆರಳಿನಲ್ಲಿ ಮುಳುಗಿದ ಕಣ್ಣುಗಳನ್ನು ಮೇಲೆತ್ತಲು ಹೋದರೆ ಕಣ್ಣುಗಳಿಗೆ ಬದಲು ಚುಕ್ಕೆಗಳೇ ಮೇಲೇಳುತ್ತವೆ. ಇದಕ್ಕೆ ಗಣಿತದ ಕಾರಣವೂ ಇದೆ. ಸಾಮಾನ್ಯವಾದ ಎಂಟು ಬಿಟ್ಟುಗಳ ಚಿತ್ರದಲ್ಲಿ ಪ್ರತಿಯೊಂದು ಮೂಲವರ್ಣಕ್ಕೂ ಕತ್ತಲಿನಿಂದ ಬೆಳಕಿನವರೆಗೆ ೨೫೬ ಮೆಟ್ಟಿಲುಗಳು ಮಾತ್ರ. ಹತ್ತು ಬಿಟ್ಟುಗಳ ಚಿತ್ರದಲ್ಲಿ ೧೦೨೪. ಮೆಟ್ಟಿಲುಗಳು ಕಡಮೆಯಿರುವ ಚಿತ್ರವನ್ನು ಬಲವಾಗಿ ಎಳೆದಾಡಿದರೆ ನಯವಾಗಿರಬೇಕಾದ ಆಕಾಶವು ಪಟ್ಟೆಪಟ್ಟೆಯಾಗಿ ಒಡೆಯುತ್ತದೆ. ಆದುದರಿಂದ ಅಗ್ಗದ ಕ್ಯಾಮರಾದಿಂದ ತೆಗೆಯುವವನು ‘ಆಮೇಲೆ ಸರಿಪಡಿಸೋಣ’ ಎಂಬ ಮಾತನ್ನು ಇತರರಿಗಿಂತ ಹೆಚ್ಚಾಗಿ ದೂರವಿಡಬೇಕು. ಸಂಸ್ಕಾರವು ಇದ್ದುದನ್ನು ಬೆಳಗಬಲ್ಲದು, ಇಲ್ಲದುದನ್ನು ಹುಟ್ಟಿಸಲಾರದು.

ಮೈಬಣ್ಣದ ಮರ್ಯಾದೆ

ವರ್ಣಸಂಸ್ಕಾರದಲ್ಲಿ ಅತ್ಯಂತ ಎಚ್ಚರವಿರಬೇಕಾದ ಸ್ಥಾನ ಮನುಷ್ಯನ ಮುಖ. ಇದರ ಹಿಂದೆ ಒಂದು ಕಹಿಯಾದ ಇತಿಹಾಸವಿದೆ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಿಂದ ಬಹುಕಾಲ ಛಾಯಾಚಿತ್ರ ಮುದ್ರಣಾಲಯಗಳಲ್ಲಿ ಬಣ್ಣವನ್ನು ಹೊಂದಿಸಲು ‘ಷರ್ಲಿ’ ಎಂದು ಹೆಸರಾದ ಕೊಡಕ್ ಕಂಪೆನಿಯ ಪ್ರಮಾಣಪತ್ರವನ್ನು ಬಳಸುತ್ತಿದ್ದರು. ಅದರಲ್ಲಿ ಇದ್ದದ್ದು ಬಿಳಿಯ ಮೈಬಣ್ಣದ ಮಹಿಳೆಯೊಬ್ಬಳ ಚಿತ್ರ. ಅವಳ ಮುಖ ಸರಿಯಾಗಿ ಬಂದರೆ ಎಲ್ಲವೂ ಸರಿಯೆಂಬುದು ಪದ್ಧತಿ. ಫಲವಾಗಿ ಕಪ್ಪು ಮೈಬಣ್ಣದ ಜನರ ಮುಖಗಳು ವಿವರಗಳಿಲ್ಲದ ಮಸಿಯಂತೆ ಮುದ್ರಿತವಾಗುತ್ತಿದ್ದವು. ನಾನಾ ಮೈಬಣ್ಣಗಳ ಜನರುಳ್ಳ ಪ್ರಮಾಣಪತ್ರಗಳು ೧೯೯೦ರ ದಶಕದಲ್ಲಿ ಬಂದವು. ದೋಷವಿದ್ದದ್ದು ಆ ಜನರ ಮುಖದಲ್ಲಿ ಅಲ್ಲ, ಅಳತೆಯ ಕೋಲಿನಲ್ಲಿ.

ಈ ಅಳತೆಯ ಕೋಲು ಬದಲಾದರೂ ಮನಸ್ಸಿನ ಕೋಲು ಇನ್ನೂ ಹಲವೆಡೆ ಬದಲಾಗಿಲ್ಲ. ಹೊಲದಲ್ಲಿ ದುಡಿದ ರೈತನ ಪಾತ್ರ, ಬಿಸಿಲಿನಲ್ಲಿ ಬೆಂದ ಕೂಲಿಯ ತಾಯಿಯ ಪಾತ್ರ ಇವುಗಳ ಮುಖವನ್ನು ತಂತ್ರಾಂಶದ ಒಂದು ತಿರುವಿನಿಂದ ಬೆಳ್ಳಗೆ ಮಾಡಿಬಿಡುವ ಆಸೆ ವಿದ್ಯಾರ್ಥಿಗಳಲ್ಲಿ ಸಹಜವಾಗಿ ಮೂಡುತ್ತದೆ. ಮೊಬೈಲ್ ದೂರವಾಣಿಗಳು ಕೇಳದೆಯೇ ಮುಖವನ್ನು ನುಣುಪಾಗಿಸಿ ಬಿಳುಪಾಗಿಸುವುದೂ ಉಂಟು. ಇದು ಚಿತ್ರದ ಸತ್ಯಕ್ಕೂ ಆ ಮನುಷ್ಯನ ಮರ್ಯಾದೆಗೂ ಸಲ್ಲದ ಕೆಲಸ.

ವೆಕ್ಟರ್‌ಸ್ಕೋಪಿನಲ್ಲಿ ಇದಕ್ಕೆ ಸಂಬಂಧಿಸಿದ ಒಂದು ಅಚ್ಚರಿಯ ಸಂಗತಿಯನ್ನು ಕಾಣಬಹುದು. ಅದರ ವೃತ್ತದಲ್ಲಿ ಮೈಬಣ್ಣದ ರೇಖೆಯೆಂಬ ಒಂದು ಗೆರೆಯುಂಟು. ಸರಿಯಾದ ಬೆಳಕಿನಲ್ಲಿ ತೆಗೆದರೆ ಆಫ್ರಿಕದವನ ಮುಖವಾಗಲಿ, ಯೂರೋಪಿನವನ ಮುಖವಾಗಲಿ, ಕನ್ನಡಿಗನ ಮುಖವಾಗಲಿ, ಬಣ್ಣದ ದಿಕ್ಕು ಬಹುಮಟ್ಟಿಗೆ ಆ ಒಂದೇ ಗೆರೆಯ ಆಸುಪಾಸಿನಲ್ಲಿ ನಿಲ್ಲುತ್ತದೆ. ವ್ಯತ್ಯಾಸವಿರುವುದು ಮುಖ್ಯವಾಗಿ ಹೊಳಪಿನ ಪ್ರಮಾಣದಲ್ಲಿ. ಎಲ್ಲರ ಚರ್ಮದ ಕೆಳಗೆ ಹರಿಯುವ ರಕ್ತ ಒಂದೇ, ಎಲ್ಲರ ಚರ್ಮದಲ್ಲಿ ಹೆಚ್ಚು ಕಡಮೆಯಾಗಿ ಇರುವ ವರ್ಣದ್ರವ್ಯವೂ ಒಂದೇ ಬಗೆಯದು ಎಂಬುದೇ ಇದರ ಕಾರಣ. ಹುಟ್ಟಿನಿಂದ ಮೇಲುಕೀಳೆಂಬುದಿಲ್ಲವೆಂದು ಹನ್ನೆರಡನೆಯ ಶತಮಾನದ ಶರಣರು ಸಾರಿದ ಸತ್ಯವನ್ನು ಈ ಪುಟ್ಟ ಮಾಪಕವು ತನ್ನ ರೀತಿಯಲ್ಲಿ ಸಾಕ್ಷಿಹೇಳುತ್ತದೆ.

ಕಪ್ಪು ಮೈಬಣ್ಣವನ್ನು ಸುಂದರವಾಗಿ ಚಿತ್ರಿಸುವ ಉಪಾಯ ಬಿಳುಪು ಮಾಡುವುದಲ್ಲ. ಅಂತಹ ಮುಖವು ಬೆಳಕನ್ನು ಕನ್ನಡಿಯಂತೆ ಮರಳಿಸಬಲ್ಲದು. ಆದುದರಿಂದ ಚಿಕ್ಕದಾದ ತೀಕ್ಷ್ಣ ದೀಪದ ಬದಲು ಅಗಲವಾದ ಬಿಳಿಬಟ್ಟೆಯ ಬೆಳಕನ್ನು ಒಂದು ಪಕ್ಕದಿಂದ ಹಾಯಿಸಿದರೆ ಕೆನ್ನೆ, ಹಣೆ, ಗದ್ದಗಳ ಮೇಲೆ ಮೃದುವಾದ ಹೊಳಪಿನ ಗೆರೆ ಹರಿದು ಮುಖದ ಆಕಾರವೆಲ್ಲ ಮೂಡಿಬರುತ್ತದೆ. ಮುಖವು ತನ್ನ ನಿಜವರ್ಣದಲ್ಲಿಯೇ ಬೆಳಗುತ್ತದೆ. ಇದು ಚಿತ್ರೀಕರಣದ ಸ್ಥಳದಲ್ಲಿ ಆಗಬೇಕಾದ ಕೆಲಸ; ಕಂಪ್ಯೂಟರಿನ ಮುಂದೆ ಆಗುವಂಥದಲ್ಲ.

ಶಾಲೆಗಳೂ ದಾನಿಗಳೂ ಮಾಡಬಹುದಾದುದು

ಮೊದಲು ಎತ್ತಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ವಿದ್ಯಾರ್ಥಿಗಳ ಕಿರುಚಿತ್ರಕ್ಕೆ ಮೀಸಲಾದ ಹಣದ ಮೊದಲ ಪಾಲು ಬೆಳಕಿಗೂ ಕಾಲಕ್ಕೂ ಸಲ್ಲಬೇಕು. ಒಂದು ಗಟ್ಟಿಯಾದ ಮುಕ್ಕಾಲು ಪೀಠ, ಬಣ್ಣವನ್ನು ನಿಜವಾಗಿ ತೋರಿಸುವ ಒಳ್ಳೆಯ ಗುಣಮಟ್ಟದ ಎರಡು ಎಲ್‌ಇಡಿ ದೀಪಗಳು, ಬಿಳಿಯ ಬಟ್ಟೆ, ಕರಿಯ ಬಟ್ಟೆ, ಒಂದು ದೊಡ್ಡ ಕನ್ನಡಿ, ಒಂದು ಬೂದುಬಣ್ಣದ ಪ್ರಮಾಣಫಲಕ ಇಷ್ಟಿದ್ದರೆ ಶಾಲೆಯೊಂದರ ಚಿತ್ರಭಂಡಾರಕ್ಕೆ ಉತ್ತಮವಾದ ಆರಂಭವಾಯಿತು. ಇವು ವರ್ಷವರ್ಷವೂ ಹೊಸ ತಂಡದ ಕೈಗೆ ಬರುತ್ತವೆ. ಬೆಲೆಯುಳ್ಳ ಕ್ಯಾಮರಾವು ಕೆಲವೇ ವರ್ಷಗಳಲ್ಲಿ ಹಳೆಯದಾಗುತ್ತದೆ. ಕನ್ನಡಿಯೂ ಪಂಚೆಯೂ ಹಳೆಯದಾಗುವುದಿಲ್ಲ. ದಾಸೋಹದ ಪರಂಪರೆಯುಳ್ಳ ಮಠಗಳ ಆಶ್ರಯದಲ್ಲಿ ಬೆಳೆದ ಶಾಲೆಗಳಿಗೆ, ಒಬ್ಬರು ಕೊಟ್ಟದ್ದು ಹಲವರಿಗೆ ಒದಗುವ ಈ ಕ್ರಮ ಅಪರಿಚಿತವಲ್ಲ.

ಅಧ್ಯಾಪಕರು ಮಾಡಬಹುದಾದ ಕೆಲಸ ಇನ್ನೂ ದೊಡ್ಡದು. ಚಿತ್ರ ತೆಗೆಯುವ ಮೊದಲು ಒಂದು ವಾರ ವಿದ್ಯಾರ್ಥಿಗಳು ಒಂದೇ ಕೊಠಡಿಯ ಬೆಳಕನ್ನು ಬೆಳಗ್ಗೆ, ಮಧ್ಯಾಹ್ನ, ಸಂಜೆ ನೋಡಿ ಬರೆದಿಡುವಂತೆ ಮಾಡಬೇಕು. ಕಿಟಕಿಯ ಬೆಳಕು ಯಾವ ಹೊತ್ತಿಗೆ ಯಾವ ಗೋಡೆಯನ್ನು ಮುಟ್ಟುತ್ತದೆ, ಅಜ್ಜಿಯ ಮುಖ ಒಲೆಯ ಮುಂದೆ ಹೇಗಿರುತ್ತದೆ, ಜಗಲಿಯ ಮೇಲೆ ಹೇಗಿರುತ್ತದೆ ಎಂಬುದನ್ನು ಕಣ್ಣಿನಿಂದ ಕಲಿಯದವನಿಗೆ ಯಂತ್ರವು ಏನನ್ನೂ ಕಲಿಸಲಾರದು. ತಂಡದಲ್ಲಿ ಬಿಳಿಬಟ್ಟೆಯನ್ನು ಹಿಡಿದು ನಿಲ್ಲುವ ಹುಡುಗನ ಹೆಸರೂ ನಿರ್ದೇಶಕನ ಹೆಸರಿನೊಡನೆ ತೆರೆಯ ಮೇಲೆ ಬರಬೇಕು. ಅವನ ಕೈ ನಡುಗಿದರೆ ನಾಯಿಕೆಯ ಮುಖದ ಮೇಲಿನ ಬೆಳಕೂ ನಡುಗುತ್ತದೆ. ಕಾಯಕದಲ್ಲಿ ಹಿರಿದು ಕಿರಿದೆಂಬುದಿಲ್ಲವೆಂಬ ತತ್ತ್ವವನ್ನು ಇದಕ್ಕಿಂತ ಚೆನ್ನಾಗಿ ಬೋಧಿಸುವ ಪಾಠ ವಿರಳ.

ಕರ್ನಾಟಕದಲ್ಲಿ ಈ ವಿದ್ಯೆಗೆ ಪರಂಪರೆಯಿಲ್ಲವೆಂದು ಯಾರೂ ಭಾವಿಸಬೇಕಾಗಿಲ್ಲ. ಬೆಂಗಳೂರಿನ ಆ ಪಾಲಿಟೆಕ್ನಿಕ್ಕು ವಿ. ಕೆ. ಮೂರ್ತಿ ಅವರನ್ನೂ ಗೋವಿಂದ ನಿಹಲಾನಿ ಅವರನ್ನೂ ರೂಪಿಸಿತು. ಪುಣೆಯ ಸಂಸ್ಥೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಗಿರೀಶ ಕಾಸರವಳ್ಳಿ ಅವರು ನಿರ್ಮಿಸಿದ ‘ಅವಶೇಷ್’ ಕಿರುಚಿತ್ರವು ೧೯೭೫ನೆಯ ಸಾಲಿನ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ಅಲ್ಲಿಂದ ಸುಮಾರು ಅರ್ಧ ಶತಮಾನದ ಬಳಿಕ ಅದೇ ಸಂಸ್ಥೆಯಿಂದ ಬಂದ ಮತ್ತೊಬ್ಬ ಕನ್ನಡಿಗನ ಅಭ್ಯಾಸಚಿತ್ರವು ಕನ್ನಡದ ಮಾತುಗಳನ್ನೇ ಆಡಿಕೊಂಡು ಕಾನ್ ನಗರದವರೆಗೆ ಹೋಗಿ ಗೆದ್ದು ಬಂದಿತು. ಈ ಸಾಲಿನಲ್ಲಿ ಮುಂದೆ ನಿಲ್ಲುವವರು ಇಂದು ಯಾವುದೋ ಹಳ್ಳಿಯ ಶಾಲೆಯ ಹಿಂದಿನ ಬೆಂಚಿನಲ್ಲಿ ಕುಳಿತು, ಹೆಂಚಿನ ಸಂದಿನಿಂದ ಇಳಿದ ಬಿಸಿಲಕೋಲಿನಲ್ಲಿ ಧೂಳಿನ ಕಣಗಳು ಕುಣಿಯುವುದನ್ನು ನೋಡುತ್ತಿರಬಹುದು. ಅಂತಹವರನ್ನು ‘ಪಾಠದ ಕಡೆಗೆ ಗಮನವಿಲ್ಲ’ವೆಂದು ಗದರಿಸುವ ಮೊದಲು, ಅವರು ನೋಡುತ್ತಿರುವುದೇನು ಎಂದು ಒಮ್ಮೆ ಕೇಳುವ ಅಧ್ಯಾಪಕರೂ, ಅದಕ್ಕೊಂದು ದೀಪವನ್ನು ಒದಗಿಸುವ ದಾನಿಗಳೂ ಶಾಲೆಶಾಲೆಯಲ್ಲಿಯೂ ಹೆಚ್ಚಲಿ.